ಹಿಂದಿನ ನಡೆಯಿಲ್ಲದ ಆಟ

ಅವನು ಬಾಯಿ ತೆರೆಯುವ ಮೊದಲೇ ಅವಳು ಬ್ಯಾಟರಿಗಳನ್ನು ತೆಗೆದುಬಿಟ್ಟಿದ್ದಳು.

ಅದು ಆ ರಿಪೇರಿ ಅಂಗಡಿಯ ಕಟ್ಟಳೆ. ಯಾವ ಯಂತ್ರ ಬಂದರೂ ಮೊದಲು ಬ್ಯಾಟರಿ ತೆಗೆ, ಆಮೇಲೆ ಗಿರಾಕಿಯ ಮಾತು ಕೇಳು. ಸೋರಿದ ಬ್ಯಾಟರಿ ಒಳಗಿನ ತಂತಿಯನ್ನೆಲ್ಲ ತಿಂದುಹಾಕುತ್ತದೆ ಎಂದು ಚಿಕ್ಕಪ್ಪ ಅವಳಿಗೆ ಚಿಕ್ಕಂದಿನಲ್ಲೇ ಕಲಿಸಿದ್ದರು. ಸಾಸಿವೆಯಷ್ಟು ತಿರುಪನ್ನೂ ಬಿಡದೆ ಹಿಡಿಯುವ ಅವಳ ಬೆರಳು ನೋಡಿ ‘ಇಕ್ಕಳ’ ಎಂದು ಹೆಸರಿಟ್ಟವರೂ ಅವರೇ.

ಮೇಜಿನ ಮೇಲಿದ್ದದ್ದು ಹಳೇ ಕಾಲದ ಚದುರಂಗದ ಯಂತ್ರ. ಕಂದು ಪ್ಲಾಸ್ಟಿಕ್ಕಿನ ಮಣೆ, ಅಂಚಿನುದ್ದಕ್ಕೂ ಪುಟ್ಟ ಕೆಂಪು ದೀಪಗಳು, ಪಕ್ಕದಲ್ಲಿ ಅಕ್ಷರ ಅಳಿಸಿಹೋದ ಹತ್ತು ಗುಂಡಿಗಳು. ಯಾವ ಗುಂಡಿ ಯಾವುದಕ್ಕೆಂದು ಹೇಳುವ ಕೈಪಿಡಿ ಎಂದೋ ಕಳೆದುಹೋಗಿತ್ತು.

ಎದುರಿಗೆ ನಿಂತಿದ್ದವನು ಲಿಫ್ಟುಗಳ ತಪಾಸಣೆ ಮಾಡುವವನು. ಜೇಬಿನಲ್ಲಿ ಟಾರ್ಚು, ಉಗುರಿನಂಚಿನಲ್ಲಿ ಗ್ರೀಸು. ಬಂದಾಗಿನಿಂದ ಮಾತಿಗೆ ತಡಕಾಡುತ್ತಿದ್ದ.

“ಅದರೊಳಗೆ ಅಮ್ಮನ ಆಟ ಇದೆ,” ಎಂದ ಕೊನೆಗೆ. “ಅರ್ಧಕ್ಕೆ ನಿಂತಿರೋದು. ಅದನ್ನ ಮುಗಿಸಬೇಕು.”

ಅಮ್ಮ ತೀರಿಕೊಂಡು ನಾಲ್ಕು ತಿಂಗಳಾಗಿತ್ತಂತೆ.

ಅವಳ ಅಂಗೈಯಲ್ಲಿ ನಾಲ್ಕು ಬ್ಯಾಟರಿಗಳು ತಣ್ಣಗೆ ಮಲಗಿದ್ದವು. ಇಂಥ ಯಂತ್ರಕ್ಕೆ ಬ್ಯಾಟರಿಯೇ ನೆನಪು. ತೆಗೆದ ಕ್ಷಣವೇ ಎಲ್ಲ ಅಳಿಸಿಹೋಗಿರುತ್ತದೆ...

ಹೇಳಿಬಿಡು. ಈಗಲೇ ಹೇಳಿಬಿಡು.

“ಆಟ ಎಲ್ಲೂ ಹೋಗಲ್ಲ,” ಎಂದಳು. “ಒಳಗೆ ಬೇರೆ ಸೆಲ್ ಇರುತ್ತೆ.”

ಅವನು ಅವಳನ್ನೇ ದಿಟ್ಟಿಸಿದ. ಆ ಕಣ್ಣಲ್ಲಿ ಹೊತ್ತಿಕೊಂಡದ್ದು ಆಸೆ ಎಂದುಕೊಂಡಳು. ಬ್ಯಾಟರಿಗಳನ್ನು ಮೆಲ್ಲಗೆ ಮೇಜಿನ ಖಾನೆಯೊಳಗೆ ಸರಿಸಿದಳು.

ಅಮ್ಮ ಹೇಗೆ ಆಡುತ್ತಿದ್ದರೆಂದು ಪರೀಕ್ಷೆಯ ನೆಪದಲ್ಲಿ ಕೇಳಿದಳು. ಯಾವಾಗಲೂ ಬಿಳಿ ಕಾಯಿ, ಪ್ರಾಣ ಹೋದರೂ ಕುದುರೆಗಳನ್ನು ಬಿಟ್ಟುಕೊಡುತ್ತಿರಲಿಲ್ಲ ಎಂದ. ಅಷ್ಟೇ ಸಾಕಾಯಿತು. ವಾರವಿಡೀ ಗುಂಡಿಗಳನ್ನು ಕುರುಡಿಯಂತೆ ಒತ್ತಿ ನೋಡಿದಳು. ಒಂದು ಬರೀ ಕೀಚ್ ಎಂದಿತು, ಇನ್ನೊಂದು ಎಲ್ಲ ದೀಪ ಹೊತ್ತಿಸಿ ಹೆದರಿಸಿತು. ಮೂರನೇ ದಿನ, ಕಾಯಿಗಳನ್ನು ಬೇಕಾದ ಮನೆಯಲ್ಲಿ ಕೂರಿಸಲು ಬಿಡುವ ಗುಂಡಿ ಸಿಕ್ಕಿತು.

ಎರಡೂ ಬಿಳಿ ಕುದುರೆಗಳನ್ನು ಉಳಿಸಿ, ಅವಳು ಅರ್ಧ ಆಟವೊಂದನ್ನು ಕಟ್ಟಿದಳು. ಸತ್ತವರ ಕೈಬರಹ ನಕಲು ಮಾಡಿ ಮಗನಿಗೇ ಪತ್ರ ಬರೆದ ಹಾಗಿತ್ತು. ಮೇಲೆ ಒಂದು ಚೀಟಿ ಅಂಟಿಸಿದಳು: ‘ಬ್ಯಾಟರಿ ತೆಗೆಯಬಾರದು.’ ಅದನ್ನು ಓದಿದಾಗಲೆಲ್ಲ ಯಾರೋ ತನ್ನನ್ನೇ ಗದರಿದಂತಾಗುತ್ತಿತ್ತು.

ಶನಿವಾರ ಬಂದವನು ಮಣೆಯನ್ನು ಬಹಳ ಹೊತ್ತು ನೋಡಿದ. ಕಣ್ಣು ತುಂಬಿತು. ಮನೆಯಲ್ಲಿ ಒಬ್ಬನೇ ಇದರ ಮುಂದೆ ಕೂರಲು ಆಗುವುದಿಲ್ಲ, ವಾರಕ್ಕೊಂದು ನಡೆ ಇಲ್ಲೇ ಆಡಲೇ ಎಂದು ಕೇಳಿದ. ಬೇಡವೆನ್ನಲು ಅವಳಿಗೆ ಯಾವ ಮುಖವಿತ್ತು?

ಅವನು ಕಾಯಿಯನ್ನು ಒಂದು ಮನೆಯಲ್ಲಿ ಒತ್ತಿ, ಇನ್ನೊಂದು ಮನೆಯಲ್ಲಿ ಒತ್ತುತ್ತಿದ್ದ. ಯಂತ್ರ ಯೋಚನೆಗೆ ಬೀಳುತ್ತಿತ್ತು. ತಡಕಾಡುವಾಗ ಅವಳೇ ಎಲ್ಲೋ ಒತ್ತಿ ಅದನ್ನು ಅತಿ ಕಠಿಣ ಮಟ್ಟಕ್ಕೆ ಏರಿಸಿಬಿಟ್ಟಿದ್ದಳು. ಒಂದೊಂದು ಉತ್ತರಕ್ಕೂ ನಲವತ್ತು ನಿಮಿಷ.

ಆ ನಲವತ್ತು ನಿಮಿಷಗಳಲ್ಲೇ ಎಲ್ಲವೂ ನಡೆಯಿತು. ಲಿಫ್ಟಿನೊಳಗೆ ಸಿಕ್ಕಿಬಿದ್ದವರು ಹತ್ತು ನಿಮಿಷ ಬೈದು ಆಮೇಲೆ ಬಾಲ್ಯದ ಕಥೆ ಹೇಳತೊಡಗುತ್ತಾರೆ ಎಂದು ಅವನು ಹೇಳಿದ. ಅವಳು ತನ್ನ ಬಾಲ್ಯ ಹೇಳಿದಳು. ಇಬ್ಬರೂ ಇದಕ್ಕೆ ನಕ್ಕರು. ಅವನು ನಕ್ಕಾಗಲೆಲ್ಲ ಅವಳ ಕಣ್ಣು ಆ ಚೀಟಿಯ ಮೇಲೆ ಹೋಗುತ್ತಿತ್ತು.

ಚಿಕ್ಕಪ್ಪ ಕನ್ನಡಕದ ಮೇಲಿಂದ ನೋಡಿ ಹೇಳಿದರು: “ಊರಿನ ಲಿಫ್ಟೆಲ್ಲ ಓಡಿಸ್ತಾನೆ, ತಾನು ಮಾತ್ರ ನಮ್ಮ ಅಂಗಡೀಲಿ ಸಿಕ್ಕಿಹಾಕಿಕೊಂಡಿದಾನೆ ಕಣೇ ಇಕ್ಕಳ.”

ಅವಳ ಮುಖ ಕೆಂಪಾಯಿತು. ಮರುಕ್ಷಣವೇ ಬಿಳುಚಿತು. ಅವನು ಬರುವುದು ಅಮ್ಮನಿಗಾಗಿ... ಆ ಅಮ್ಮ ಇದರೊಳಗಿಲ್ಲ. ಇರುವುದು ನನ್ನ ಸುಳ್ಳು.

ಒಂಬತ್ತನೇ ಶನಿವಾರ. ಮಣೆಯ ಮೂಲೆಯಲ್ಲಿ ಅರ್ಧ ಅಳಿಸಿದ ಬಾಣದ ಗುರುತಿನ ಗುಂಡಿಯೊಂದು ಮಾತ್ರ ಇಬ್ಬರೂ ಮುಟ್ಟದೆ ಉಳಿದಿತ್ತು.

“ಇದು ನಡೆಗಳನ್ನ ಹಿಂದಕ್ಕೆ ಬಿಡಿಸುತ್ತೆ,” ಎಂದ ಅವನು. “ಒತ್ತುತ್ತಾ ಹೋದ್ರೆ ಅಮ್ಮನ ಮೊದಲ ನಡೆ ಸಿಗಬೇಕು.”

ಅವಳಿಗೆ ತಕ್ಷಣ ಹೊಳೆಯಿತು. ಒತ್ತಿದರೆ ಯಂತ್ರ ಎಂಟು ವಾರ ಹಿಂದಕ್ಕೆ ಹೋಗಿ, ತಾನು ಕೈಯಾರೆ ಕೂರಿಸಿದ ಕಾಯಿಗಳ ಹತ್ತಿರ ನಿಂತು, ಕೀಚ್ ಎನ್ನುತ್ತದೆ. ಅದರಾಚೆಗೆ ಏನೂ ಇಲ್ಲ.

ಅವನ ಬೆರಳು ಚಾಚಿತು. ಅವಳ ಕೈ ಅದರ ಮೇಲೆ ಬಿತ್ತು.

“ಒತ್ತಬೇಡಿ. ಅಲ್ಲಿ ನಿಮ್ಮಮ್ಮ ಇಲ್ಲ. ಮೊದಲ ದಿನವೇ ಬ್ಯಾಟರಿ ತೆಗೆದು ಆ ಆಟ ಅಳಿಸಿದ್ದು ನಾನು. ಇದು ನಾನು ಕಟ್ಟಿದ್ದು... ಎಲ್ಲ ನಾನೇ ಕಟ್ಟಿದ್ದು.”

ಅವನು ಕೈ ಎಳೆದುಕೊಳ್ಳಲಿಲ್ಲ.

“ನೀವು ಅಳಿಸಿಲ್ಲ,” ಎಂದ ಮೆಲ್ಲಗೆ. “ನಾನು ಅಳಿಸಿದ್ದು.”

ಆಸ್ಪತ್ರೆಯಲ್ಲಿ ಅಮ್ಮ ರೇಡಿಯೋ ಬೇಕೆಂದಾಗ, ಅವಸರದಲ್ಲಿ ಈ ಯಂತ್ರದ್ದೇ ಬ್ಯಾಟರಿ ಕಿತ್ತು ಅದಕ್ಕೆ ಹಾಕಿದ್ದನಂತೆ. ಮನೆಗೆ ಬಂದು ಯಂತ್ರಕ್ಕೆ ಹೊಸ ಬ್ಯಾಟರಿ ಹಾಕಿ ನೋಡಿದರೆ ಆಟ ಖಾಲಿ. ಅಮ್ಮ ದಿನಾ ಕೇಳುತ್ತಿದ್ದರು. ಹಾಗೇ ಇದೆ, ಬಂದು ಮುಗಿಸು ಎಂದು ಅವನು ಕೊನೆಯ ದಿನದವರೆಗೂ ಹೇಳಿದ್ದ.

“ರಿಪೇರಿಯವರು ಕಳೆದುಹೋದದ್ದನ್ನೂ ಹುಡುಕಿಕೊಡ್ತಾರೇನೋ ಅಂತ ಬಂದೆ. ನೀವು ಆಟ ಎಲ್ಲೂ ಹೋಗಲ್ಲ ಅಂದ್ರಿ. ಒಂದು ವಾರ ನಂಬಿದೆ. ಮಣೆ ನೋಡಿದ ತಕ್ಷಣ ಇದು ಅಮ್ಮಂದಲ್ಲ ಅಂತ ಗೊತ್ತಾಯ್ತು.”

“ಮತ್ತೆ ಯಾಕೆ ಸುಮ್ಮನಿದ್ರಿ?”

“ನಿಮ್ಮ ಸುಳ್ಳು ಬಿಡಿಸೋಕೆ ಹೋದ್ರೆ ನನ್ನದೂ ಬಿಚ್ಚಿಕೊಳ್ತಿತ್ತು. ಆಮೇಲೆ...” ಅವನು ಮಣೆ ನೋಡುತ್ತಾ ಹೇಳಿದ, “ಶನಿವಾರ ನಾನು ಎಲ್ಲಿಗೆ ಹೋಗಲಿ?”

ಸೋಲುವ ಹೊತ್ತಿಗೆಲ್ಲ ಅಮ್ಮ ಒತ್ತುತ್ತಿದ್ದದ್ದು ಇದೇ ಗುಂಡಿಯಂತೆ. ಇವತ್ತು ಅದನ್ನು ಒತ್ತಿ, ತಾನೇ ಎಲ್ಲ ಹೇಳಬೇಕೆಂದು ಬಂದಿದ್ದನಂತೆ.

ಅವಳು ಅತ್ತಳು. ಇಬ್ಬರನ್ನೂ ಕ್ಷಮಿಸಬೇಕಾದವರು ಇರಲಿಲ್ಲ. ಆ ಭಾರ ಹಗುರಾಗಲಿಲ್ಲ. ಹೊರಲು ಇನ್ನೊಂದು ಹೆಗಲು ಬಂತು, ಅಷ್ಟೇ.

ಕಣ್ಣೊರೆಸಿಕೊಂಡು ಹೇಳಿದಳು: “ಇನ್ನೊಂದು ತಪ್ಪಿದೆ. ಈ ಯಂತ್ರ ಬೇಗ ಆಡೋ ಹಾಗೆ ಮಾಡೋ ಗುಂಡಿ ನಂಗೆ ಆರು ವಾರದ ಹಿಂದೆಯೇ ಸಿಕ್ಕಿತ್ತು. ಒತ್ತಲಿಲ್ಲ.”

“ಯಾವುದು?”

ತೋರಿಸಿದಳು. ಅವನು ಅವಳ ಮೇಜಿನಿಂದ ಅಂಟುಪಟ್ಟಿಯ ತುಂಡೊಂದನ್ನು ಹರಿದು, ಆ ಗುಂಡಿಯ ಮೇಲೆ ನೀಟಾಗಿ ಅಂಟಿಸಿದ.

“ಇದು ಕೆಟ್ಟಿದೆ. ರಿಪೇರಿ ಮಾಡಬೇಡಿ.”

“ಆಯ್ತು,” ಎಂದಳು. “ಮಾಡಲ್ಲ.”