ಕೆಂಪು ಚೀಲದ ಬೆಳ್ಳಿ ಹಾಳೆಗಳು

ಬೆಳ್ಳಿ ಹಾಳೆಗಳು ಇರಲಿಲ್ಲ.

ತನುಜಾ ಕಣ್ಣು ಮುಚ್ಚಿಕೊಂಡೇ ಇನ್ನೊಮ್ಮೆ ಚೀಲದೊಳಗೆ ಕೈಯಾಡಿಸಿದಳು. ಮಂಜು ಕವಿದ ಕಾಡಿನಲ್ಲಿ ಕಣ್ಣಿಗಿಂತ ಬೆರಳಿಗೇ ಹೆಚ್ಚು ಕೆಲಸ ಎಂದು ಅವಳು ಹಾಗೆ ಅಭ್ಯಾಸ ಮಾಡಿಕೊಂಡಿದ್ದಳು. ಮೇಲೆ ಸೀಟಿ. ಅದರ ಕೆಳಗೆ ಟಾರ್ಚು. ಬೇರೆಯಾಗಿ ಸುತ್ತಿಟ್ಟ ಸೆಲ್ಲುಗಳು. ಮುಚ್ಚಳಕ್ಕೆ ಮೇಣ ಬಳಿದ ಡಬ್ಬಿಯಲ್ಲಿ ಬೆಂಕಿಕಡ್ಡಿ. ಒದ್ದೆ ಸೌದೆಯನ್ನೂ ಹೊತ್ತಿಸುವ ರಾಳದ ಚೂರು. ಉಣ್ಣೆ ಟೋಪಿ, ಒಣ ಕಾಲುಚೀಲ, ಹಗ್ಗ, ಗಾಯಕ್ಕೆ ಪಟ್ಟಿ, ಕಡಲೆಬೀಜದ ಚಿಕ್ಕಿ. ಬೆರಳ ಗೆಣ್ಣಿನ ಲೆಕ್ಕದಲ್ಲಿ ಹದಿನಾಲ್ಕು ಬರಬೇಕಿತ್ತು. ಹತ್ತಕ್ಕೇ ನಿಂತಿತು.

ಉಳಿದ ನಾಲ್ಕು ಎಲ್ಲಿ? ನಿನ್ನೆ ಸಂಜೆ ಅವಳೇ ಮಡಿಸಿ ಇಟ್ಟಿದ್ದಳಲ್ಲ?

"ಸಾವಿತ್ರಕ್ಕ, ಯಾರಾದ್ರೂ ಚೀಲ ಮುಟ್ಟಿದ್ರಾ?"

ಅಡುಗೆಯ ಸಾವಿತ್ರಮ್ಮ ಒಲೆಯಿಂದ ತಲೆ ಎತ್ತಿದರು. "ಅದನ್ನ ಮುಟ್ಟೋಕೆ ಯಾರಿಗುಂಟು ಧೈರ್ಯ? ಎಂತ ಆಯ್ತೇ?"

"ಬೆಳ್ಳಿ ಹಾಳೆ ಇಲ್ಲ. ನಾಲ್ಕೂ ಇಲ್ಲ."

ಬೆಳಗಿನ ಐದೂವರೆ. ದೇವರಮನೆ ಬೆಟ್ಟದ ಬುಡದಲ್ಲಿರುವ ಸುರೇಂದ್ರ ಗೌಡರ ಎಸ್ಟೇಟಿನಲ್ಲಿ ಜನವರಿಯ ಚಳಿಗೆ ಹಲ್ಲು ಕಟಕಟಿಸುತ್ತಿತ್ತು. ಹಾಸನದಿಂದ ಬಂದ ಆರು ಜನ ಆರು ಗಂಟೆಗೆ ಬೆಟ್ಟ ಹತ್ತಬೇಕು. ಜೀಪು ಆಗಲೇ ಗುರುಗುಡುತ್ತಿತ್ತು.

ಕಳೆದ ಚಳಿಗಾಲದಲ್ಲಿ ಇಬ್ಬರು ಅತಿಥಿಗಳು ಮಂಜಿನಲ್ಲಿ ದಾರಿ ತಪ್ಪಿ ಇಡೀ ರಾತ್ರಿ ಬೆಟ್ಟದ ಮೇಲೆ ಉಳಿದಿದ್ದರು. ಬೆಳ್ಳಿಯ ಹಾಗೆ ಹೊಳೆಯುವ ಆ ತೆಳ್ಳನೆ ಪ್ಲಾಸ್ಟಿಕ್ ಹಾಳೆ ಮೈಯ ಬಿಸಿಯನ್ನು ಹೊರಗೆ ಬಿಡದೆ ಅವರನ್ನು ಕಾಪಾಡಿತ್ತು. ಅಂದಿನಿಂದ ಗೌಡರು ಒಂದು ಕಟ್ಟಪ್ಪಣೆ ಮಾಡಿದ್ದರು: ಏನೇ ಆಗಲಿ, ಬೆಟ್ಟ ಹತ್ತುವವರು ಒಯ್ಯುವ ಆ ಕೆಂಪು ಚೀಲದಿಂದ ಯಾರೂ ಒಂದು ಕಡ್ಡಿಯನ್ನೂ ತೆಗೆಯಕೂಡದು. ಅದನ್ನು ತುಂಬುವ ಕೆಲಸ ತನುಜಾಳದು. ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ತೋಟದಲ್ಲಿ ಕಾಫಿ ಹಣ್ಣು ಕೊಯ್ಯುತ್ತಿದ್ದ ಹುಡುಗಿಗೆ ಸಿಕ್ಕ ಮೊದಲ ಸ್ವಂತ ಕೆಲಸ ಅದು.

ಸುದ್ದಿ ಕೇಳಿ ಎಲ್ಲರೂ ಅಡುಗೆಮನೆಗೆ ಬಂದರು. ಅತಿಥಿಗಳನ್ನು ಬೆಟ್ಟಕ್ಕೆ ಕರೆದೊಯ್ಯುವ ಉಮೇಶ ಎಲ್ಲರಿಗಿಂತ ಮುಂದಿದ್ದ.

"ನಿನ್ನೆ ಹಾಕೋದೇ ಮರ್ತಿದೀಯ. ಒಪ್ಕೊಂಡ್ಬಿಡು ಮಾರಾಯ್ತಿ!"

"ಹಾಕಿದ್ದೆ ಉಮೇಶಣ್ಣ."

"ಮತ್ತೆ? ರೆಕ್ಕೆ ಬಂದು ಹಾರಿ ಹೋಯ್ತಾ?" ಅವನು ಗೌಡರ ಕಡೆ ತಿರುಗಿದ. "ನಾನು ಆವತ್ತೇ ಹೇಳ್ದೆ ಗೌಡ್ರೆ. ಪೇಟೆಯಲ್ಲಿ ತಯಾರಾದ ಕಿಟ್ಟೇ ಸಿಗುತ್ತೆ. ಇವಳು ತೋಟದ ಕೆಲಸಕ್ಕೇ ಹೋಗ್ಲಿ."

ಅತಿಥಿಗಳ ಪೈಕಿ ಕೃತಿಕಾ ಎಂಬ ಟೀಚರು ಮೆಲ್ಲಗೆ ಕೇಳಿದರು, "ನಮ್ ಹತ್ರ ಒಳ್ಳೇ ಜಾಕೆಟ್ ಇದೆಯಲ್ಲ? ಹೊರಡೋಣ್ವಾ?"

"ಜಾಕೆಟ್ ಒದ್ದೆಯಾದ್ರೆ?" ಎಂದಳು ತನುಜಾ. ಅಷ್ಟು ಹೇಳಿ ಅವಳಿಗೇ ನಾಚಿಕೆಯಾಯಿತು.

ಎಲ್ಲರೂ ಗೌಡರ ಮಾತಿಗೆ ಕಾದರು. ಗೌಡರು ಮಫ್ಲರ್ ಬಿಗಿ ಮಾಡಿಕೊಂಡು ಕಿಟಕಿಯಾಚೆ ನೋಡಿದರು. "ಇವತ್ತು ಹತ್ತೋದು ಬೇಡ. ನಾಳೆ ಹೋದ್ರಾಯ್ತು. ಹುಡ್ಕೋದು ಗಿಡ್ಕೋದು ಎಂತದೂ ಬೇಡ."

"ನಾವು ಸಂಜೆಗೆ ವಾಪಸ್ ಹೊರಡ್ಬೇಕಲ್ಲ ಸಾರ್," ಎಂದರು ಕೃತಿಕಾ.

ಹುಡುಕುವುದು ಬೇಡವೇ? ತನುಜಾ ಗೌಡರ ಮುಖವನ್ನೇ ನೋಡಿದಳು. ಹೋದ ವಾರ ಒಂದು ಚಮಚ ಕಾಣದಾಗ ಆಳುಕಾಳು ಎಲ್ಲರನ್ನೂ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ ಮನುಷ್ಯ ಇವರೇ ತಾನೇ?

ಅವಳು ಒಲೆಯ ಕಡೆ ನೋಡಿದಳು. ಥಂಡಿ ಹಿಡಿಯದಿರಲಿ ಎಂದು ಚೀಲವನ್ನು ದಿನವೂ ಒಲೆಯ ಮೇಲಿನ ಅಟ್ಟದಲ್ಲೇ ಇಡುತ್ತಿದ್ದಳು. ಅಲ್ಲಿಗೆ ಕೈ ಎಟುಕಬೇಕಾದರೆ ಅವಳಾಗಲಿ ಸಾವಿತ್ರಮ್ಮನಾಗಲಿ ಸ್ಟೂಲು ಹತ್ತಬೇಕು. ಮನೆಯಲ್ಲಿದ್ದದ್ದು ಒಂದೇ ಸ್ಟೂಲು. ಅದರ ಮೇಲೆ ಇಡ್ಲಿ ಹಿಟ್ಟಿನ ಪಾತ್ರೆ.

"ಸಾವಿತ್ರಕ್ಕ, ಹಿಟ್ಟು ಯಾವಾಗ ಇಟ್ರಿ?"

"ರಾತ್ರಿ ಊಟ ಆದ್ಮೇಲೆ. ನೀನು ಚೀಲ ಮೇಲಿಟ್ಟು ಮಲಗೋಕೆ ಹೋದ್ಯಲ್ಲ, ಆಮೇಲೆ. ಈ ಚಳಿಗೆ ಒಲೆ ಪಕ್ಕ ಇಡ್ದಿದ್ರೆ ಹಿಟ್ಟು ಉಬ್ಬುತ್ತಾ?"

"ಬೆಳಿಗ್ಗೆ ನಂಗೆ ಚೀಲ ಇಳಿಸಿಕೊಟ್ಟೋರು?"

"ಡ್ರೈವರ್ರು. ಯಾಕೆ?"

ಹಿಟ್ಟು ಉಕ್ಕಿ ಪಾತ್ರೆಯ ಬುಡದ ಸುತ್ತ ಸ್ಟೂಲಿಗಂಟಿ ಬಳೆಯ ಹಾಗೆ ಒಣಗಿತ್ತು. ಬಳೆ ಎಲ್ಲೂ ಒಡೆದಿರಲಿಲ್ಲ. ಅಂದರೆ ರಾತ್ರಿಯಿಡೀ ಆ ಪಾತ್ರೆಯನ್ನು ಯಾರೂ ಸರಿಸಿಲ್ಲ. ಹಾಳೆ ತೆಗೆದವರು ನೆಲದ ಮೇಲೆ ನಿಂತೇ ಕೈ ಚಾಚಿದ್ದಾರೆ.

ಅಷ್ಟು ಎತ್ತರದವರು ಯಾರು? ಅತಿಥಿಗಳಿಗೆ ಚೀಲ ಇಡುವ ಜಾಗವೇ ಗೊತ್ತಿಲ್ಲ. ಡ್ರೈವರು ಮೂಡಿಗೆರೆಯವನು, ಬೆಳಿಗ್ಗೆ ಐದಕ್ಕೆ ಬಂದವನು, ಚೀಲವನ್ನು ಅವಳ ಕಣ್ಣೆದುರೇ ಇಳಿಸಿದ್ದ. ಉಳಿದವರು ಇಬ್ಬರು. ಉಮೇಶ. ಇನ್ನೊಬ್ಬರು—

ಅವಳು ಉಮೇಶನ ಕಡೆ ತಿರುಗಿದಳು.

"ಉಮೇಶಣ್ಣ, ರಾತ್ರಿ ನೀವು ಎಲ್ಲಿದ್ರಿ?"

"ಓಹೋ! ನನ್ನೇ ವಿಚಾರಣೆ ಮಾಡ್ತಾಳೆ ನೋಡಿ!" ಉಮೇಶ ನಕ್ಕ. "ಹುಲ್ಲುಹಾಸಿನ ಟೆಂಟಲ್ಲಿದ್ದೆ. ಬೇಕಾದ್ರೆ ಇವ್ರನ್ನ ಕೇಳು."

"ಹೌದು, ಪಾಪ, ರಾತ್ರಿಯೆಲ್ಲ ಗೊರಕೆ," ಎಂದರು ಕೃತಿಕಾ. "ನಮಗೆ ನಿದ್ದೆನೇ ಇಲ್ಲ."

"ಈ ಇಬ್ಬನಿಗೆ ಟೆಂಟಿನ ಕೆಳಗೆ ಹಾಸೋಕೆ ಎಂತ ತಗೊಂಡ್ರಿ?"

ಉಮೇಶನ ನಗು ಅರ್ಧಕ್ಕೆ ನಿಂತಿತು. "ಕಣದಿಂದ... ಒಂದು ನೀಲಿ ಟಾರ್ಪಲ್."

"ಗೌಡ್ರಿಗೆ ಹೇಳಿದ್ರಾ?"

ಅವನು ತಲೆ ಕೆರೆದುಕೊಂಡ.

ತನುಜಾ ಹೊರಗೆ ನಡೆದಳು. ಎಲ್ಲರೂ ಹಿಂದೆ ಬಂದರು. ಕಾಫಿ ಒಣಗಿಸುವ ಸಿಮೆಂಟಿನ ಕಣ ಇಬ್ಬನಿಯಲ್ಲಿ ನೆನೆದು ಜೀಪಿನ ದೀಪಕ್ಕೆ ಹೊಳೆಯುತ್ತಿತ್ತು. ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಹರಡಿದ ಪಾರ್ಚ್‌ಮೆಂಟ್ ಕಾಫಿಯನ್ನು ಸಂಜೆ ರಾಶಿ ಮಾಡಿ ಮುಚ್ಚುವುದು ಇಲ್ಲಿಯ ಪದ್ಧತಿ. ನಾಲ್ಕು ದಿನ ಬಿಸಿಲು ಕುಡಿದ ಬೀಜ ಒಂದು ರಾತ್ರಿಯ ಇಬ್ಬನಿ ಕುಡಿದರೆ ಬಣ್ಣ ಹೋಯಿತು, ವರ್ಷದ ದುಡಿಮೆ ಹೋಯಿತು.

"ಕಣ ಕಾಯೋ ಲಕ್ಕಯ್ಯ ರಾತ್ರಿ ಇರ್ಲಿಲ್ಲ. ಮಗಳ ಮನೆಗೆ ಆಲ್ದೂರಿಗೆ ಹೋಗಿದಾನೆ," ಎಂದಳು ತನುಜಾ. "ಟಾರ್ಪಲ್ ಐದಿತ್ತು. ಒಂದು ಟೆಂಟಿಗೆ ಹೋಯ್ತು. ಎಣಿಸಿ."

ಕೃತಿಕಾ ಬೆರಳು ತೋರಿಸಿ ಎಣಿಸಿದರು. "ಒಂದು, ಎರಡು, ಮೂರು, ನಾಲ್ಕು."

"ರಾಶಿ ಎಷ್ಟು?"

"ಐದು... ಅರೆ! ಐದನೇದರ ಮೇಲೆ ಬರೀ ಗೋಣಿಚೀಲ!"

"ಗೋಣಿ ಇಬ್ಬನಿ ತಡೆಯಲ್ಲ. ಕುಡಿಯುತ್ತೆ. ಕಾಫಿಯವ್ರು ಯಾರೂ ಬರೀ ಗೋಣಿ ಹಾಕಲ್ಲ." ತನುಜಾ ಬಗ್ಗಿ ಒಂದು ಗೋಣಿಯ ಅಂಚು ಎತ್ತಿದಳು. ಕೆಳಗೆ, ಆ ದೀಪದ ಬೆಳಕಿನಲ್ಲಿ, ಬೆಳ್ಳಿ ಮಿನುಗಿತು.

"ಅಯ್ಯಯ್ಯೋ!" ಎಂದರು ಸಾವಿತ್ರಮ್ಮ. "ಯಾರೇ ಈ ಕೆಲಸ ಮಾಡಿದ್ದು?"

ತನುಜಾ ನೆಲ ನೋಡಿದಳು. ಹೇಳಿದರೆ ಕೆಲಸ ಹೋಗಬಹುದು. ಹೇಳದಿದ್ದರೂ ಹೋಗುತ್ತದೆ. ಅವಳು ಚೀಲದ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಉಮೇಶಣ್ಣಂಗೆ ಕಾಫಿ ಚಿಂತೆ ಇಲ್ಲ. ಇದ್ದಿದ್ರೆ ಟಾರ್ಪಲ್ ತೆಗೀತಿರ್ಲಿಲ್ಲ. ಅಟ್ಟಕ್ಕೆ ಕೈ ಎಟುಕೋರು, ಕಾಫಿ ನೆನೆಯುತ್ತೆ ಅಂತ ನಿದ್ದೆಗೆಟ್ಟು ಎದ್ದು ಬರೋರು, ಹಾಳೆ ಕಾಣದಿದ್ರೂ ಹುಡುಕೋದು ಬೇಡ ಅನ್ನೋರು..." ಅವಳು ತಲೆ ಎತ್ತಿದಳು. "ತಪ್ಪು ತಿಳೀಬೇಡಿ ಗೌಡ್ರೆ. ಅದು ನೀವೇ."

ಎಲ್ಲರೂ ಗೌಡರ ಕಡೆ ತಿರುಗಿದರು.

ಗೌಡರು ಮಫ್ಲರ್ ಬಿಚ್ಚಿದರು. ಮುಖ ಕೆಂಪಾಗಿತ್ತು. ಆಮೇಲೆ, ಹಿಡಿದಿಟ್ಟ ಕೆಮ್ಮು ಹೊರಬಂದ ಹಾಗೆ, ನಗು ಬಂತು.

"ಮೂರು ಗಂಟೆಗೆ ಎಚ್ಚರ ಆಯ್ತು ಮಾರಾಯ್ತಿ. ಬಂದು ನೋಡ್ತೀನಿ, ಒಂದು ರಾಶಿ ಬರಿಮೈಲಿ ನಿಂತಿದೆ! ಕೈಗೆ ಬೇರೆ ಎಂತದೂ ಸಿಗ್ಲಿಲ್ಲ. ಹಾಳೆ ಹೊದಿಸ್ದೆ, ಗಾಳಿಗೆ ಹಾರದ ಹಾಗೆ ಗೋಣಿ ಹೇರ್ದೆ. ಐದಕ್ಕೆ ಎದ್ದು ವಾಪಸ್ ಇಡೋಣ ಅಂತಿದ್ದೆ. ಬಂದ್ರೆ ನೀನು ಆಗ್ಲೇ ಒಲೆ ಮುಂದೆ ಕೂತಿದೀಯ!"

"ಆಗ್ಲೇ ಹೇಳ್ಬಾರ್ದಿತ್ತಾ ಗೌಡ್ರೆ?" ಎಂದರು ಸಾವಿತ್ರಮ್ಮ.

"ಹೆಂಗೆ ಹೇಳ್ಲಿ ಸಾವಿತ್ರಮ್ಮ? ಮುಟ್ಬೇಡಿ ಅಂತ ಊರಿಗೆಲ್ಲ ಸಾರಿದ್ದು ನಾನೇ. ನಾಚಿಕೆ ಆಯ್ತು." ಅವರು ತನುಜಾಳ ಕಡೆ ತಿರುಗಿದರು. "ಉಮೇಶ ನಿನ್ನ ಮೇಲೆ ಎತ್ತಿ ಹಾಕ್ದಾಗ ನಾನು ಸುಮ್ನೆ ನಿಂತೆನಲ್ಲ, ಅದು ಇನ್ನೂ ದೊಡ್ಡ ತಪ್ಪು."

ಉಮೇಶ ಯಾರಿಗೂ ಕಾಣದ ಹಾಗೆ ಟೆಂಟಿನ ಕಡೆ ಜಾರುತ್ತಿದ್ದ.

"ಲೋ, ಎಲ್ಲಿಗೆ?" ಗೌಡರು ಕೂಗಿದರು.

"ಟಾರ್ಪಲ್ ತರೋಕೆ, ಗೌಡ್ರೆ!"

ಹಾಳೆಗಳ ಅಂಚು ತೇವವಾಗಿತ್ತು. ತನುಜಾ ನಾಲ್ಕನ್ನೂ ಬಟ್ಟೆಯಿಂದ ಒರೆಸಿ, ಒಲೆಯಿಂದ ದೂರದಲ್ಲಿ ಹಗ್ಗದ ಮೇಲೆ ಹರವಿದಳು. ಅಷ್ಟರೊಳಗೆ ಇಡ್ಲಿ ಬೆಂದಿತು. ಅತಿಥಿಗಳು ಒಲೆಯ ಸುತ್ತ ಕೂತು ತಿಂದರು. ಬೆಟ್ಟಕ್ಕಿಂತ ಈ ಪತ್ತೇದಾರಿಯೇ ಚೆನ್ನಾಗಿತ್ತು ಎಂದು ಕೃತಿಕಾ ಮೂರು ಸಲ ಹೇಳಿದರು. ಉಮೇಶ ತಾನಾಗಿಯೇ ಬಂದು ತನುಜಾಳ ಲೋಟಕ್ಕೆ ಕಾಫಿ ಬಗ್ಗಿಸಿದ. "ಬಾಯಿ ತೆಗೆದ್ರೆ ನೀನು ಡೇಂಜರ್ ಕಣೇ," ಎಂದ. ಅವನ ಮಟ್ಟಿಗೆ ಅದೇ ಕ್ಷಮಾಪಣೆ.

ಗೌಡರು ಒಂದು ಹಿತ್ತಾಳೆ ಬೀಗ ಹಿಡಿದು ಬಂದರು. "ಇವತ್ತಿಂದ ಚೀಲಕ್ಕೆ ಬೀಗ. ಕೀ ನಿನ್ನ ಹತ್ರ. ನಾನು ಕೇಳಿದ್ರೂ ಕೊಡ್ಬೇಡ."

ತನುಜಾ ತಲೆಯಾಡಿಸಿದಳು. "ಬೀಗ ಬೇಡ ಗೌಡ್ರೆ. ಬೆಟ್ಟದ ಮೇಲೆ ಕೈ ಮರಗಟ್ಟಿದಾಗ ಕೀ ಹುಡುಕ್ತಾ ಕೂರೋಕಾಗುತ್ತಾ? ಇನ್ನೊಂದು ಟಾರ್ಪಲ್ ತರಿಸಿ, ಸಾಕು."

ಗೌಡರು ಬೀಗವನ್ನು ನೋಡಿದರು, ಅವಳನ್ನು ನೋಡಿದರು, ಬೀಗವನ್ನು ಜೇಬಿಗಿಳಿಸಿದರು.

ಏಳೂವರೆಗೆ ಬಿಸಿಲು ಕಣಕ್ಕೆ ಇಳಿಯಿತು. ತನುಜಾ ಹಾಳೆಗಳನ್ನು ಮಡಿಸಿ ಒಳಗಿಟ್ಟು, ಕಣ್ಣು ಮುಚ್ಚಿ, ಗೆಣ್ಣು ಎಣಿಸಿದಳು. ಹದಿನಾಲ್ಕು. ಚೀಲವನ್ನು ತಾನೇ ಹೊತ್ತು ಜೀಪಿನವರೆಗೂ ಹೋಗಿ, ಬೆಟ್ಟಕ್ಕೆ ಹೊರಟಿದ್ದ ಉಮೇಶನ ಕೈಗೆ ಕೊಟ್ಟು ಬಂದಳು.