ಮರಿ ಹಾಕುವ ಭತ್ತ

ಸಿದ್ಧನ ಕಣಜದಲ್ಲಿ ಭತ್ತ ಮರಿ ಹಾಕುತ್ತದೆ ಎಂದು ಬಹಳ ಹಿಂದೆ ಏಳುಕಣಿವೆ ರಾಜ್ಯದಲ್ಲಿ ಎಲ್ಲರೂ ನಂಬಿದ್ದರು. ರಾಜ ನಂಬಿದ್ದ. ಆದ್ದರಿಂದ ಮಂತ್ರಿಯೂ ನಂಬಿದ್ದ. ಇವರಿಬ್ಬರೂ ನಂಬಿದ ಮೇಲೆ ಉಳಿದವರು ಯೋಚಿಸುವ ಗೋಜಿಗೆ ಹೋಗಲಿಲ್ಲ.

ಸಿದ್ಧನ ಹೆಸರು ಅಕ್ಷಯಸಿದ್ಧ. ಹೆಸರು ಅವನೇ ಇಟ್ಟುಕೊಂಡದ್ದು. ರಾಜ್ಯದ ನಡುವೆ ಒಂದು ಗುಡ್ಡ, ಗುಡ್ಡದ ಮೇಲೆ ಅವನ ಕಣಜ, ಕಣಜವನ್ನು ಸುತ್ತಿಕೊಂಡು ಒಂದು ಹೆಬ್ಬಾವು. ಹತ್ತು ಕೊಳಗ ಭತ್ತ ಇಟ್ಟವರಿಗೆ ಅಮಾವಾಸ್ಯೆಗೊಮ್ಮೆ ಮೂರು ಕೊಳಗ ಬಡ್ಡಿ. ಬೇರೆ ಕಡೆ ವರ್ಷವಿಡೀ ಕಾದರೂ ಒಂದು ಕೊಳಗ ಸಿಗುವುದು ಕಷ್ಟವಿತ್ತು. ಬಡ್ಡಿಯನ್ನು ಸಿದ್ಧ ಅವಲಕ್ಕಿ ಮಾಡಿಸಿ ಕೊಡುತ್ತಿದ್ದ. ಕುಟ್ಟುವ ಕೆಲಸ ತಪ್ಪಿತಲ್ಲ ಎಂದು ಜನ ಅವನನ್ನು ದಯಾಳು ಎಂದರು.

ಆ ರಾಜ್ಯದಲ್ಲಿ ಕಣಿವೆಗೊಂದು ಭತ್ತ. ಒಂದು ಕಣಿವೆಯ ಬೀಜವನ್ನು ಇನ್ನೊಂದು ಕಣಿವೆಯಲ್ಲಿ ಬಿತ್ತುವಂತಿರಲಿಲ್ಲ. ಮದುವೆಯಾಗಿ ಹೋಗುವ ಹೆಣ್ಣು ಕೂಡ ತವರಿನ ಒಂದು ಹಿಡಿ ಕಾಳು ಒಯ್ಯುವಂತಿರಲಿಲ್ಲ. ಕಡೆಯ ಕಣಿವೆಯದು ಕರಿಸಿಪ್ಪೆಯ ಭತ್ತ. ಅದರ ಬೀಜದ ಮನೆಯ ಬೀಗದಕೈ ಮಾಚಲೆ ಎಂಬ ಹೆಂಗಸಿನ ಸೊಂಟದಲ್ಲಿತ್ತು.

ಒಂದು ಬೆಳಗ್ಗೆ ಊರಗೌಡ ಕೇತಣ್ಣ ಆರು ಗಾಡಿ ಕಟ್ಟಿಸಿಕೊಂಡು ಅವಳ ಬಾಗಿಲಿಗೆ ಬಂದ.

"ಬೀಗ ತೆಗಿ ಮಾಚಲೆ. ಬೀಜವನ್ನೆಲ್ಲ ಕಣಜಕ್ಕೆ ಹಾಕೋಣ ಅಂತ ಊರು ಒಪ್ಪಿದೆ. ಇವತ್ತು ಹೊತ್ತು ಮುಳುಗಿದರೆ ಸಿದ್ಧ ಹೊಸಬರದ್ದು ತಗೊಳ್ಳೋದಿಲ್ಲವಂತೆ."

"ಬೀಜ ಹೋಗುತ್ತೆ, ಅವಲಕ್ಕಿ ಬರುತ್ತೆ. ಅವಲಕ್ಕಿ ಮೊಳೆಯುತ್ತಾ ಗೌಡ್ರೇ?"

"ಬಿತ್ತನೆ ಹೊತ್ತಿಗೆ ಬೀಜ ವಾಪಸ್ ಕೊಡ್ತಾನೆ."

"ಕೊಟ್ಟಿದ್ದನ್ನ ನೋಡಿದ್ದೀರಾ?"

"ಯಾರೂ ಕೇಳಿಲ್ಲ, ಅದಕ್ಕೆ ಕೊಟ್ಟಿಲ್ಲ. ಮೂರು ಕೊಳಗ ಬರುವಾಗ ವಾಪಸ್ ಕೇಳೋ ದಡ್ಡ ಯಾರು?"

ಆ ಬೀಜ ಹೋದರೆ ಕರಿಭತ್ತದ ಬೀಜ ಭೂಮಿಯ ಮೇಲೆ ಬೇರೆಲ್ಲೂ ಸಿಗುವಂತಿರಲಿಲ್ಲ. ಮಾಚಲೆ ಬೀಗದಕೈ ಮುಟ್ಟಿ ನೋಡಿಕೊಂಡಳು.

"ನೀವು ಹೋದ ತಿಂಗಳು ಮನೆ ಭತ್ತ ಹತ್ತು ಕೊಳಗ ಇಟ್ಟಿರಲ್ಲ, ಅದಕ್ಕೆ ಸಿದ್ಧ ಬರೆದುಕೊಟ್ಟ ಓಲೆ ಕೊಡಿ. ಇವತ್ತು ಅಮಾವಾಸ್ಯೆ, ನಿಮ್ಮ ಬಡ್ಡಿ ನಾನು ತರ್ತೀನಿ. ಬರೋವರೆಗೂ ಗಾಡಿ ಇಲ್ಲೇ ಇರಲಿ."

"ಹೊತ್ತು ಮುಳುಗೋದರೊಳಗೆ ಬರಲಿಲ್ಲ ಅಂದ್ರೆ ಬೀಗ ಒಡೀತೀನಿ," ಎಂದು ಕೇತಣ್ಣ ಓಲೆ ಕೊಟ್ಟ.

ಗುಡ್ಡದ ಮೊದಲ ಬಾಗಿಲಲ್ಲಿ ಮನುಷ್ಯರಂತೆ ಮಾತಾಡುವ ಗಿಳಿ ಕೂತಿತ್ತು.

"ಇಟ್ಟವರು ಕೆಟ್ಟಿಲ್ಲ! ಇಟ್ಟವರು ಕೆಟ್ಟಿಲ್ಲ!" ಎಂದಿತು. "ಊರಿಗೆ ಊರೇ ಇಟ್ಟಿದೆ. ಅವರೆಲ್ಲ ಹುಚ್ಚರೇನು?"

"ನಿನ್ನ ಸಂಬಳ ಏನು?"

"ದಿನಕ್ಕೆ ಹದಿನಾರು ಮೆಣಸಿನಕಾಯಿ."

"ಕಣಜದಲ್ಲಿ ಎಷ್ಟು ಇಟ್ಟಿದ್ದೀಯ?"

ಗಿಳಿ ಕತ್ತು ಓರೆ ಮಾಡಿತು. "ನಾನು ಅಲ್ಲಲ್ಲೇ ತಿಂದುಬಿಡ್ತೀನಿ," ಎಂದಿತು. ಮಾಚಲೆ ಮುಂದೆ ನಡೆದಳು.

ಎರಡನೆಯ ಬಾಗಿಲಲ್ಲಿ ಹುಲಿ. ದಾರಿಯ ಪಕ್ಕದಲ್ಲಿ ಮೂರು ಕಲ್ಲಿನ ಮನುಷ್ಯರು. ಒಬ್ಬನ ಗುರುತು ಹತ್ತಿತು: ಅವಳ ಕಣಿವೆಯ ವೈದ್ಯ ಬಮ್ಮಯ್ಯ. ತಿಂಗಳ ಹಿಂದೆ ಗುಡ್ಡ ಹತ್ತಿದವನು ತಿರುಗಿ ಬಂದಿರಲಿಲ್ಲ. ಬಾಯಿ ಅರ್ಧ ತೆರೆದೇ ಇತ್ತು.

"ನಂಬಿಕೆಯಿಲ್ಲ ಅಂದವರು ಇಲ್ಲಿ ಕಲ್ಲಾಗ್ತಾರೆ," ಎಂದಿತು ಹುಲಿ.

"ಅಯ್ಯೋ, ಇದನ್ನ ಯಾರು ನಂಬ..." ಎನ್ನುವಷ್ಟರಲ್ಲಿ ಮಾಚಲೆಯ ಬಲಗಾಲಿನ ಹೆಬ್ಬೆರಳು ತಣ್ಣಗಾಯಿತು. ನೋಡಿದರೆ ಕಲ್ಲು. ಅವಳು ತುಟಿ ಕಚ್ಚಿಕೊಂಡಳು.

"ಏನೋ ಹೇಳಹೊರಟೆಯಲ್ಲ, ಪೂರ್ತಿ ಮಾಡು," ಎಂದು ಹುಲಿ ಹತ್ತಿರ ಬಂತು. ಅದರ ಉಸಿರು ಅವಳ ಮೊಣಕಾಲಿಗೆ ತಾಗಿತು.

"ಕೇಳಹೊರಟೆ. ಕೇಳಿದರೂ ಕಲ್ಲಾಗ್ತಾರಾ?"

ಹುಲಿ ಯೋಚಿಸಿತು. ಕೇಳುವುದರ ಬಗ್ಗೆ ಅದಕ್ಕೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ದಾರಿ ಬಿಟ್ಟಿತು.

ಮೂರನೆಯ ಬಾಗಿಲು ದಾಟಿದರೆ ಕಣಜ. ಮುಂದೆ ಏಳೂ ಕಣಿವೆಯ ಜನರ ಸಾಲು. ಹೊತ್ತು ಆಗಲೇ ಇಳಿಮುಖವಾಗಿತ್ತು. ಕುಂಟುತ್ತ ಸಾಲಿನಲ್ಲಿ ನಿಂತ ಮಾಚಲೆ ತನ್ನ ಸರದಿ ಬಂದಾಗ ಓಲೆ ಚಾಚಿದಳು. ಅಕ್ಷಯಸಿದ್ಧ ದುಂಡಗೆ, ನುಣ್ಣಗೆ ಇದ್ದ. ಅವಲಕ್ಕಿಯ ಚೀಲ ತಾನೇ ಎತ್ತಿ ಕೊಟ್ಟ.

"ತಗೋ ತಾಯಿ. ನಿಮ್ಮ ಗೌಡ ಬೀಜ ಕಳಿಸ್ತೀನಿ ಅಂದಿದ್ದನಲ್ಲ, ಗಾಡಿಗಳು ಎಲ್ಲಿ?"

"ಬರ್ತವೆ ಸ್ವಾಮಿ. ಆದರೆ ಬಡ್ಡಿಯನ್ನ ಸಿಪ್ಪೆ ಸಮೇತ ಕೊಡಿ. ಗೌಡರು ಬಿತ್ತಬೇಕಂತೆ."

"ಕುಟ್ಟಿ ಕೊಡೋದು ನಮ್ಮ ಪದ್ಧತಿ."

"ಕುಟ್ಟೋ ಶ್ರಮ ನಿಮಗ್ಯಾಕೆ? ಹಾಗೇ ಕೊಟ್ಟರೆ ನಿಮಗೇ ಕೆಲಸ ಕಡಿಮೆ."

ಸಾಲಿನಲ್ಲಿದ್ದವರು ತಲೆಯಾಡಿಸಿದರು. ಅಷ್ಟು ಜನರೆದುರು ಸಿದ್ಧ ಇಲ್ಲವೆನ್ನಲಾರದೆ ಹೆಬ್ಬಾವಿಗೆ ಸನ್ನೆ ಮಾಡಿದ. ಅದು ಕಣಜದೊಳಗೆ ಬಾಯಿ ಹಾಕಿ ಮೂರು ಕೊಳಗ ಭತ್ತ ತಂದು ಅವಳ ಮುಂದೆ ಸುರಿಯಿತು.

ಒಂದೂ ಕರಿಕಾಳಿರಲಿಲ್ಲ. ಎಲ್ಲ ಹೊನ್ನಿನ ಬಣ್ಣ. ಪ್ರತಿ ಕಾಳಿನ ತುದಿಗೂ ಉದ್ದನೆಯ ಮೀಸೆ.

"ಸ್ವಾಮಿ, ಗೌಡರು ಇಟ್ಟದ್ದು ಕರಿಭತ್ತ," ಎಂದಳು ಮಾಚಲೆ. "ಕರಿಭತ್ತಕ್ಕೆ ಮೀಸೆ ಇರೋ ಮರಿ ಹುಟ್ಟುತ್ತಾ?"

ಹಿಂದೆ ನಿಂತಿದ್ದ ಮುದುಕ ಬಗ್ಗಿ ನೋಡಿದ. "ಇದು ನಮ್ಮ ಕಣಿವೇದು ಕಣಮ್ಮ! ನಿನ್ನೆ ಸಂಜೆ ನಾನೇ ಸುರಿದದ್ದು. ನೋಡು, ನಮ್ಮ ಕಣದ ಕೆಂಪು ಕಲ್ಲು ಇನ್ನೂ ಇದರಲ್ಲೇ ಇದೆ."

ಸಾಲಿನವರೆಲ್ಲ ನುಗ್ಗಿ ಬಂದು ಕಾಳು ನೋಡಿದರು. ಸಿದ್ಧನ ನಗು ಮಾತ್ರ ಮುಖದ ಮೇಲೆ ಹಾಗೇ ಉಳಿದಿತ್ತು.

"ನಿನಗೆ ನನ್ನ ಮೇಲೆ ನಂಬಿಕೆ ಇದೆಯೋ ಇಲ್ಲವೋ? ಒಂದೇ ಮಾತಿನಲ್ಲಿ ಹೇಳು."

ತಣುವು ಹಿಮ್ಮಡಿಗೆ ಏರಿತು. ಮಾಚಲೆ ನೆಲ ನೋಡಿದಳು. ಇಲ್ಲವೆಂದರೆ ಕಲ್ಲು, ಇದೆಯೆಂದರೆ ಬೀಜದ ಗಾಡಿ ಇಲ್ಲಿಗೆ ಬರಬೇಕು.

"ಗೌಡರ ಅಸಲು ಹತ್ತು ಕೊಳಗ ಕರಿಭತ್ತ ವಾಪಸ್ ಕೊಡಿ. ಆಮೇಲೆ ಹೇಳ್ತೀನಿ."

ಹೆಬ್ಬಾವು ಕಣಜದೊಳಗೆ ತಡಕಿತು. ಮತ್ತೆ ತಡಕಿತು. ಬರಿಬಾಯಲ್ಲಿ ತಲೆ ಎತ್ತಿತು.

"ನಂದೂ ಕೊಡು!" ಎಂದ ಮುದುಕ. "ನಂದೂ!" ಎಂದ ಅವನ ಹಿಂದಿನವನು. ನಂಬಿಕೆಯ ಮಾತು ಯಾರೂ ಎತ್ತಲಿಲ್ಲ, ಆದ್ದರಿಂದ ಯಾರೂ ಕಲ್ಲಾಗಲಿಲ್ಲ. ಹೆಬ್ಬಾವು ಇದ್ದುದನ್ನೆಲ್ಲ ತೆಗೆದು ಸುರಿಯಿತು. ಒಂದೊಂದು ಕೊಳಗ ಹೊರಬಂದಾಗಲೂ ಸಿದ್ಧ ಒಂದೊಂದು ಗೇಣು ಕುಗ್ಗಿದ. ಕಡೆಯ ಕೊಳಗ ಹೋದಾಗ ಅಲ್ಲಿ ಉಳಿದದ್ದು ಒಂದು ಹಿಡಿ ಹೊಟ್ಟು. ಗಾಳಿ ಅದನ್ನು ಒಯ್ದಿತು.

ಮಾಚಲೆಯ ಕಾಲು ಮತ್ತೆ ಬೆಚ್ಚಗಾಯಿತು. ಇಳಿಯುವಾಗ ಬಮ್ಮಯ್ಯ ದಾರಿಯಲ್ಲಿ ಸೊಂಟ ನೀವಿಕೊಳ್ಳುತ್ತಿದ್ದ. "ನಂಬಿಕೆಯಿಲ್ಲ ಅಂತ ಹೇಳಿದ್ದೇ ತಪ್ಪಾಯ್ತು ನೋಡವ್ವ," ಎಂದ. "ಲೆಕ್ಕ ಕೇಳಬೇಕಿತ್ತು," ಎಂದಳು ಮಾಚಲೆ.

ಕೇತಣ್ಣ ಕೈಯಲ್ಲಿ ಸುತ್ತಿಗೆ ಹಿಡಿದು ಬೀಗದ ಮುಂದೆ ನಿಂತಿದ್ದ. ಮಾಚಲೆಯ ಜೊತೆ ಬಂದ ಬಮ್ಮಯ್ಯನನ್ನು ನೋಡಿ, ನಡೆದದ್ದನ್ನು ಕೇಳಿ ಸುತ್ತಿಗೆ ಕೆಳಗಿಟ್ಟ. ಗಾಡಿಗಳು ಕದಲಲಿಲ್ಲ.

ಆ ವರ್ಷ ಕರಿಭತ್ತ ಮೊಣಕಾಲೆತ್ತರ ಬೆಳೆಯಿತು, ಆಮೇಲೆ ಎದೆಯೆತ್ತರ. ಬೀಜ ಕಳೆದುಕೊಂಡ ಕಣಿವೆಗಳಿಗೆ ಕಡೆಯ ಕಣಿವೆ ಪದ್ಧತಿ ಮುರಿದು ಬೀಜ ಕೊಟ್ಟಿತು. ಎಲ್ಲರೂ ಉಂಡು ಸುಖವಾಗಿದ್ದರು. ಮಂತ್ರಿ ಮಾತ್ರ, ತನಗೆ ಮೊದಲೇ ಅನುಮಾನವಿತ್ತು ಎಂದು ಹೇಳಿಕೊಂಡು ತಿರುಗಿದ.

ಆ ಕಣಜದಲ್ಲಿ ಎಂದೂ ಒಂದು ಕಾಳೂ ಹುಟ್ಟಿರಲಿಲ್ಲ.