ಜೈಲು ಬಾಗಿಲ ಗಡಿಯಾರ

ರಾಜ್ಯದ ಭದ್ರತೆಗೇ ಸಂಬಂಧಪಟ್ಟ ಪ್ರಕರಣವೊಂದು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಠಾಣೆಗೆ ಬಂತು: ಜೈಲು ಬಾಗಿಲ ಗಡಿಯಾರ ಅರ್ಧ ಗಂಟೆ ಹಿಂದಿದೆ. ದೂರು ಕೊಟ್ಟವರು ಜೈಲರು. ಕೊಡಿಸಿದವನು, ಶನಿವಾರ ಅರ್ಧ ಗಂಟೆ ಹೆಚ್ಚು ದುಡಿದು ಬಸ್ಸು ತಪ್ಪಿಸಿಕೊಂಡ ಕಾವಲುಗಾರ.

"ವಯಸ್ಸಾಯ್ತಲ್ಲ ಸಾರ್, ನನ್ನ ಹಾಗೆ ಅದಕ್ಕೂ ಸುಸ್ತು," ಎಂದಳು ಹೆಡ್ ಕಾನ್‌ಸ್ಟೇಬಲ್.

ಇನ್ಸ್‌ಪೆಕ್ಟರ್ ಎಫ್‌ಐಆರ್ ಹಾಕಿಸಿ ಅವಳೊಂದಿಗೆ ಜೈಲಿಗೆ ಹೋದರು. ಪಂಚನಾಮೆ ಮುಗಿಸಿ, ತಮ್ಮ ಕೈಗಡಿಯಾರ ಬಿಚ್ಚಿಟ್ಟುಕೊಂಡು ಎದುರಿಗೇ ಒಂದು ಗಂಟೆ ಕೂತರು. ಗೋಡೆಯ ಗಡಿಯಾರ ಒಂದು ನಿಮಿಷವೂ ಹಿಂದೆ ಬೀಳಲಿಲ್ಲ.

"ಸುಸ್ತಾಗಿಲ್ಲ ಕಣಮ್ಮ. ಯಾರೋ ನಿಲ್ಲಿಸಿ ಮತ್ತೆ ಬಿಟ್ಟಿದಾರೆ."

ಕಾವಲಿನವರು ಫೋನು, ವಾಚು ಹೊರಗಿಟ್ಟೇ ಒಳಗೆ ಬರಬೇಕು. ಒಳಗೆ ಈ ಗಡಿಯಾರ ಹೇಳಿದ್ದೇ ವೇಳೆ. ಅದು ಐದೂವರೆ ತೋರಿಸಿದಾಗ ಕೋರ್ಟಿನ ಬಿಡುಗಡೆ ಆದೇಶ ಹಾಕುವ, ಬಾಗಿಲ ಬಳಿಯ ಜಾಮೀನು ಪೆಟ್ಟಿಗೆ ತೆಗೆಯುತ್ತಾರೆ. ಅದರಲ್ಲಿ ಆದೇಶ ಬಂದಿದ್ದವರು ಅಂದೇ ಮನೆಗೆ. ಆಮೇಲೆ ಬಂದದ್ದು ಮಾರನೆಯ ದಿನಕ್ಕೆ. ಭಾನುವಾರ ಪೆಟ್ಟಿಗೆಗೂ ರಜೆ.

"ಶನಿವಾರ ತಡವಾಗಿ ಯಾರು ಬಂದ್ರು?"

"ವಕೀಲರ ಗುಮಾಸ್ತ ಸಾರ್," ಎಂದ ಕಾವಲುಗಾರ. "ಏದುಸಿರು ಬಿಡ್ತಾ ಬಂದ. ಇನ್ನೂ ಕಾಲು ಗಂಟೆ ಇದೆ, ನೀರು ಕುಡಿಯಪ್ಪ ಅಂದೆ."

"ಗಡಿಯಾರ ಮುಟ್ಟಿದ್ದು?"

"ರಿಪೇರಿಯವಳು. ಪ್ರತಿ ಶನಿವಾರ ಕೀಲಿ ಕೊಡೋದು ಅವಳೇ."

ಗುಮಾಸ್ತ ತಂದ ಆದೇಶದಲ್ಲಿ ಬಿಡುಗಡೆಯಾದವನು ಅವಳ ಅಣ್ಣ.

ಅಂಗಡಿಯಲ್ಲಿ ಅವಳು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದಳು. ಪೊಲೀಸರನ್ನು ಕಂಡು ಅದನ್ನು ತೆಗೆದಳು.

"ಮುಳ್ಳು ತಿರುಗಿಸಿದೆಯಾ?"

"ಇಲ್ಲ ಸಾರ್. ಲೋಲಕ ಹಿಡಿದು ನಿಲ್ಲಿಸಿ, ಅರ್ಧ ಗಂಟೆ ಗಾಜು ಒರೆಸಿದೆ."

"ಯಾಕೆ?"

"ಅಣ್ಣನಿಗೆ ಬೆಳಿಗ್ಗೆ ಹನ್ನೊಂದಕ್ಕೇ ಜಾಮೀನು ಸಿಕ್ಕಿತ್ತು. ಟೈಪಾಗ್ಬೇಕು, ಸಹಿ ಆಗ್ಬೇಕು, ಸೀಲು ಬೀಳ್ಬೇಕು. ಕೋರ್ಟಿಂದ ಜೈಲಿಗೆ ಎರಡು ಬೀದಿ ಸಾರ್, ಆಮೆ ಆಗಿದ್ರೂ ಊಟಕ್ಕೆ ಮೊದಲೇ ಬಂದಿರೋದು."

"ಸೋಮವಾರ ಹೇಗೂ ಬಿಡ್ತಿದ್ರಲ್ಲ?"

"ವಿಚಾರಣೆನೇ ಶುರುವಾಗಿಲ್ಲ, ಆಗ್ಲೇ ಏಳು ತಿಂಗಳು ಒಳಗಿದ್ದ. ಬಿಡಿ ಅಂತ ಜಡ್ಜೇ ಹೇಳಿದ ಮೇಲೂ ಇನ್ನೆರಡು ರಾತ್ರಿ ಯಾವ ತಪ್ಪಿಗೆ ಸಾರ್?"

ಇನ್ಸ್‌ಪೆಕ್ಟರ್ ಪೆನ್ನು ಎತ್ತಿದರು. ಹೇಳಿಕೆಯಲ್ಲಿ ಆ ಪ್ರಶ್ನೆಯನ್ನು ಹಾಗೇ ಬರೆದುಕೊಂಡರು.

ಹನ್ನೆರಡೂವರೆಗೆ ಹೆಡ್ ಕಾನ್‌ಸ್ಟೇಬಲ್ ಅವಳನ್ನು ಬಂಧಿಸಿದಳು. ಠಾಣೆಯಲ್ಲೇ ಜಾಮೀನು ಕೊಡಬಹುದಾದ ಅಪರಾಧ; ಆದರೆ ಹೊಣೆಗೆ ಒಬ್ಬರು ಬೇಕು. ಅಣ್ಣ ಓಡಿಬಂದ. ತಾನೇ ಜಾಮೀನಿನ ಮೇಲಿರುವವನು ಇನ್ನೊಬ್ಬರಿಗೆ ನಿಲ್ಲುವುದು ಹೇಗೆ? ಅವನು ಬೆಂಚಿನ ತುದಿಯಲ್ಲಿ ಕೂತ.

ಸಾಕ್ಷಿ ಹೇಳಲು ಬಂದಿದ್ದ ಕಾವಲುಗಾರ ಕೆಮ್ಮಿದ.

"ನಾನು ನಿಲ್ತೀನಿ ಸಾರ್."

"ನೀನಾ? ದೂರು ಕೊಡಿಸಿದ್ದೇ ನೀನಲ್ವೇನಯ್ಯಾ!"

"ಗಡಿಯಾರದ ಮೇಲೆ ಸಾರ್, ಈ ತಂಗಿ ಮೇಲಲ್ಲ. ಬೇಗ ಸಹಿ ಹಾಕಿಸ್ಕೊಳ್ಳಿ, ಬೆಳಗಿನ ಪಾಳಿ ಮುಗೀತು, ಇವತ್ತೂ ಬಸ್ಸು ತಪ್ಪತ್ತೆ."

ಮಧ್ಯಾಹ್ನ ಒಂದೂವರೆಗೆ ಆರೋಪಿಯನ್ನು ಜಾಮೀನಿನ ಮೇಲೆ ಬಿಡಲಾಯಿತು.